ಬ್ರೆಜಿಲ್ ತರಬೇತುದಾರರಲ್ಲಿ ಪರೇರಾ ಅವರೇ ಏಕೆ?

ಫುಟ್‌ಬಾಲ್ ಮಾತು ಬಂದಾಗಲೆಲ್ಲ ಗೆಳೆಯರು ನನ್ನನ್ನು ಕೇಳುವುದಿದೆ: 1982ರ ಸೊಗಸಾದ ತಂಡವನ್ನು ಕಟ್ಟಿದ ಟೆಲೆ ಸಂತಾನಾ ಅವರನ್ನು ಬಿಟ್ಟು, ಸಪ್ಪೆ ಆಟ ಆಡಿಸುತ್ತಾರೆಂದು ಸ್ವದೇಶದಲ್ಲೇ ಟೀಕೆ ಎದುರಿಸಿದ ಕಾರ್ಲೋಸ್ ಆಲ್ಬರ್ಟೊ ಪರೇರಾ ಅವರನ್ನು ಏಕೆ ಅಷ್ಟು ಮೆಚ್ಚುತ್ತೀರಿ? ಕೈಗೆ ಸಿಕ್ಕ ಆಟಗಾರರ ಶಕ್ತಿಯನ್ನು ಸರಿಯಾಗಿ ಅಳೆದು, ಅದಕ್ಕೆ ತಕ್ಕ ಆಟವನ್ನು ರೂಪಿಸುವುದರಲ್ಲಿ ಅವರನ್ನು ಮೀರಿಸಿದವರು ನನಗೆ ಕಾಣುವುದಿಲ್ಲ.

ಪರೇರಾ ವೃತ್ತಿಪರ ಆಟಗಾರರಾಗಿರಲೇ ಇಲ್ಲ. ದೈಹಿಕ ಶಿಕ್ಷಣ ಓದಿದ ಅವರು 1967ರಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿದ್ದಾಗಲೇ, ಘಾನಾ ತಂಡದ ಹೊಣೆ ಹೊತ್ತರು. 1970ರಲ್ಲಿ ವಿಶ್ವಕಪ್ ಗೆದ್ದ ಬ್ರೆಜಿಲ್‌ನ ತರಬೇತಿ ಬಳಗದಲ್ಲಿದ್ದರು. ಅವರ ಕೈಕೆಳಗೆ ಕುವೈತ್ 1980ರ ಏಷ್ಯಾ ಕಪ್ ಗೆದ್ದು, 1982ರಲ್ಲಿ ಮೊದಲ ಬಾರಿಗೆ ವಿಶ್ವಕಪ್ ಆಡಿ, ಯುರೋಪಿನ ಬಲಿಷ್ಠ ಜೆಕೊಸ್ಲೊವಾಕಿಯಾವನ್ನು 1-1ರಲ್ಲಿ ತಡೆದು ನಿಲ್ಲಿಸಿತು. ಮುಂದೆ ಯುಎಇ, ಸೌದಿ ಅರೇಬಿಯಾ, ದಕ್ಷಿಣ ಆಫ್ರಿಕಾ ತಂಡಗಳೂ ಸೇರಿ, ಐದು ದೇಶಗಳನ್ನು ಆರು ವಿಶ್ವಕಪ್‌ಗಳಲ್ಲಿ ಅವರು ಮುನ್ನಡೆಸಿದರು.

ಆದರೆ ಅವರ ನಿಜವಾದ ಪರೀಕ್ಷೆ ನಡೆದದ್ದು 1993ರಲ್ಲಿ, ಬ್ರೆಜಿಲ್ ತಂಡದ ತರಬೇತುದಾರರಾಗಿದ್ದಾಗ. ಲಾ ಪಾಜ್‌ನಲ್ಲಿ ಬೊಲಿವಿಯಾ ಎದುರು 2-0ರಿಂದ ಸೋತ ಬ್ರೆಜಿಲ್, ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಅದೇ ಮೊದಲ ಬಾರಿಗೆ ಸೋಲು ಕಂಡಿತ್ತು. ತಮ್ಮನ್ನು ಬೆಂಚಿನಲ್ಲಿ ಕೂರಿಸಿದ್ದಕ್ಕೆ ಬಹಿರಂಗವಾಗಿ ಸಿಡುಕಿ ತಂಡದಿಂದ ಹೊರಗುಳಿದಿದ್ದ ರೊಮಾರಿಯೊ ಅವರನ್ನು, ಉರುಗ್ವೆ ವಿರುದ್ಧದ ಕೊನೆಯ ಪಂದ್ಯಕ್ಕೆ ಪರೇರಾ ಮರಳಿ ಕರೆಸಿದರು. ಮರಕಾನಾ ಕ್ರೀಡಾಂಗಣದಲ್ಲಿ ಆ ದಿನ ಬಿದ್ದ ಎರಡೂ ಗೋಲುಗಳು ರೊಮಾರಿಯೊ ಅವರವೇ. ಹಟ ಬಿಟ್ಟು ತಂಡದ ಹಿತ ನೋಡಿದ ಆ ನಿರ್ಧಾರವನ್ನು ನಾನು ಅವರ ವೃತ್ತಿಜೀವನದ ಅತ್ಯುತ್ತಮ ಕ್ಷಣವೆಂದೇ ಎಣಿಸುತ್ತೇನೆ. ಮರುವರ್ಷ ಅಮೆರಿಕದಲ್ಲಿ ನಡೆದ ವಿಶ್ವಕಪ್‌ನಲ್ಲಿ ನಾಯಕ ರಾಯಿ ಅವರನ್ನೇ ಕೈಬಿಟ್ಟು ಮಜಿನ್ಯೊ ಅವರನ್ನು ಆಡಿಸಿ ಮಧ್ಯಭಾಗವನ್ನು ಭದ್ರಪಡಿಸಿದರು. ಇಟಲಿಯೊಂದಿಗಿನ ಫೈನಲ್ ಗೋಲಿಲ್ಲದೆ ಮುಗಿದು, ಪೆನಾಲ್ಟಿಯಲ್ಲಿ 3-2ರಿಂದ ಕಪ್ ಬಂದಿತು. ಅಂದವಿಲ್ಲದ ಗೆಲುವೆಂದು ದೂರುವವರು, ಬ್ರೆಜಿಲ್ ಅದಕ್ಕಾಗಿ 24 ವರ್ಷ ಕಾದಿತ್ತೆಂಬುದನ್ನು ಮರೆಯಬಾರದು.

1998ರಲ್ಲಿ ಸೌದಿ ಅರೇಬಿಯಾ ಪರೇರಾ ಅವರನ್ನು ವಿಶ್ವಕಪ್‌ನ ನಡುವೆಯೇ ವಜಾ ಮಾಡಿತು. 2010ರಲ್ಲಿ ಆತಿಥೇಯ ದಕ್ಷಿಣ ಆಫ್ರಿಕಾ ಗುಂಪು ಹಂತದಲ್ಲೇ ಹೊರಬಿದ್ದರೂ, ಫ್ರಾನ್ಸ್ ತಂಡವನ್ನು 2-1ರಿಂದ ಮಣಿಸಿತು. ನನ್ನ ತಕರಾರು ಇರುವುದು 2006ರ ಬ್ರೆಜಿಲ್ ತಂಡದ ಬಗ್ಗೆ ಮಾತ್ರ: ರೊನಾಲ್ಡೊ, ರೊನಾಲ್ಡಿನ್ಯೊ, ಕಾಕಾ, ಅಡ್ರಿಯಾನೊ ಎಲ್ಲರೂ ಇದ್ದ ತಂಡಕ್ಕೆ 1994ರ ಆ ಸಮತೋಲನವನ್ನು ಅವರು ತರಲಿಲ್ಲ, ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್ ಎದುರು ಒಂದೇ ಗೋಲಿಗೆ ಆಟ ಮುಗಿಯಿತು.