ಮಕ್ಕಳ ಸೀಟು ನೋಡದೆ ಕಾರಿನ ಕೀಲಿ ಈಸ್ಕೋಬೇಡಿ: ಹಾಸನದಿಂದ ಮಲೇಷಿಯಾಕ್ಕೆ ಹೋಗಿ ಬಂದದ್ದು

ಬೆಳಗ್ಗೆ ಏಳೂವರೆ. ಕೌಲಾಲಂಪುರ ವಿಮಾನ ನಿಲ್ದಾಣದ ಬಾಡಿಗೆ ಕಾರಿನ ಕೌಂಟರ್. ಎರಡೂವರೆ ವರ್ಷದ ಮಗಳು ನನ್ನ ಹೆಗಲ ಮೇಲೆ, ಐದು ವರ್ಷದ ಮಗ ಸೂಟ್‌ಕೇಸಿಗೆ ಒರಗಿಕೊಂಡು ಅರೆನಿದ್ದೆಯಲ್ಲಿ. ಎರಡು ಮಕ್ಕಳ ಸೀಟಿಗೆ ಒಂದು ತಿಂಗಳ ಮುಂಚೆಯೇ ದುಡ್ಡು ಕಟ್ಟಿದ್ದೆವು. ಕೌಂಟರಿನವನು ಒಂದೇ ಸೀಟು ತಂದಿಟ್ಟ. ಇನ್ನೊಂದು ಎಲ್ಲಿ ಅಂದರೆ ಸ್ಟಾಕ್ ಇಲ್ಲ ಅಂದ. ತಂದದ್ದರ ಬಕಲ್ ಒತ್ತಿದರೆ ಟಕ್ ಅಂತ ಸದ್ದೇನೋ ಬರುತ್ತದೆ, ಸ್ವಲ್ಪ ಎಳೆದರೆ ಬಿಚ್ಚಿಕೊಳ್ಳುತ್ತದೆ. ಸಂದಿಯಲ್ಲಿ ಯಾವುದೋ ಮಗು ತಿಂದ ಬಿಸ್ಕತ್ತಿನ ಪುಡಿ ಗಟ್ಟಿಯಾಗಿ ಕೂತಿತ್ತು.

"ತೊಡೆ ಮೇಲೆ ಕೂರಿಸಿಕೊಳ್ಳಿ, ಯಾರೂ ಕೇಳಲ್ಲ" ಅಂದ. ನನಗೆ ಸಿಟ್ಟು ಬಂದದ್ದು ಈ ಮಾತಿಗೆ. ಮಲೇಷಿಯಾದಲ್ಲಿ 2020ರ ಜನವರಿ 1ರಿಂದ ಖಾಸಗಿ ಕಾರುಗಳಲ್ಲಿ ಮಕ್ಕಳ ಸೀಟು ಕಡ್ಡಾಯ. ಕಾನೂನು ಹಾಗಿರಲಿ, ಅಲ್ಲಿನ ಹೆದ್ದಾರಿಯಲ್ಲಿ ಗಂಟೆಗೆ 110 ಕಿ.ಮೀ. ವೇಗಕ್ಕೆ ಅನುಮತಿ ಇದೆ. ಆ ವೇಗದಲ್ಲಿ ಬ್ರೇಕ್ ಒತ್ತಿದರೆ ಮಗುವನ್ನು ಹಿಡಿದು ನಿಲ್ಲಿಸುವ ಶಕ್ತಿ ಯಾವ ತಾಯಿಯ ಕೈಗೂ ಇರಲ್ಲ. ನಾವು ಕೀಲಿ ಈಸ್ಕೊಳ್ಳಲಿಲ್ಲ. ಎರಡೂವರೆ ಗಂಟೆ ಕಾದ ಮೇಲೆ ಬೇರೆ ಕಡೆಯಿಂದ ಎರಡು ಒಳ್ಳೆಯ ಸೀಟು ಬಂದವು. ಅವು ಇಲ್ಲ ಅನ್ನುವುದು ಸುಳ್ಳೇ ಆಗಿತ್ತಲ್ವಾ?

ನೀವು ಹೋಗುವುದಾದರೆ ಹೀಗೆ ಮಾಡಿ. ಮಗುವಿನ ತೂಕ, ಎತ್ತರ ಬರೆದು ಕಳಿಸಿ, ಅದಕ್ಕೆ ಕೊಡುವ ಸೀಟಿನ ಫೋಟೋ ಮೊದಲೇ ತರಿಸಿಕೊಳ್ಳಿ. ಬಕಲ್ ಎಳೆದು ನೋಡುವವರೆಗೆ ಸಹಿ ಹಾಕಬೇಡಿ. ಮನೆಯಲ್ಲಿ ಸೀಟು ಇದ್ದರೆ ವಿಮಾನದವರನ್ನು ಕೇಳಿ ಅದನ್ನೇ ಹೊತ್ತುಕೊಂಡು ಹೋಗುವುದು ಇನ್ನೂ ಒಳ್ಳೆಯದು.

ಇನ್ನೊಂದು ತಯಾರಿ ಹಾಸನದಲ್ಲೇ ಆಗಬೇಕು. ನಮ್ಮ ಕಡೆ ಮಕ್ಕಳು ಕಾರಿನಲ್ಲಿ ತೊಡೆ ಮೇಲೆ ಕೂತೇ ಬೆಳೆಯುತ್ತವೆ. ಬೆಲ್ಟ್ ಹಾಕಿ ಒಂದೇ ಕಡೆ ಕೂರಿಸಿದರೆ ಹುಯ್ಯೋ ಅಂತ ಅಳುತ್ತವೆ. ನಾವು ಮೂರು ವಾರ ಮುಂಚೆ ಅಕ್ಕನ ಮನೆಯಿಂದ ಸೀಟು ತಂದೆವು. ಮೊದಲ ದಿನ ಡೈರಿ ಸರ್ಕಲ್ ತಲುಪುವುದರೊಳಗೆ ಮಗಳು ಅತ್ತು ಅತ್ತು ವಾಂತಿ ಮಾಡಿಕೊಂಡಳು. ಆಮೇಲೆ ಹಳೇಬೀಡಿಗೆ, ಬೇಲೂರಿಗೆ ಅಂತ ಭಾನುವಾರ ಭಾನುವಾರ ಕರೆದುಕೊಂಡು ಹೋದೆವು. ಬೇಲೂರಿನಿಂದ ವಾಪಸ್ ಬರುವಾಗ ಸೀಟಿನಲ್ಲೇ ನಿದ್ದೆ ಹೋದಳು. ಆವತ್ತೇ ನನಗೆ ಈ ಪ್ರವಾಸ ಆಗುತ್ತದೆ ಅನ್ನಿಸಿದ್ದು.

ಮಲೇಷಿಯಾ ಆರಿಸಿಕೊಂಡದ್ದಕ್ಕೆ ದೊಡ್ಡ ಕಾರಣ ಡ್ರೈವಿಂಗ್. ಸ್ಟಿಯರಿಂಗ್ ನಮ್ಮ ಹಾಗೇ ಬಲಕ್ಕೆ, ಗಾಡಿ ಓಡುವುದು ಎಡಕ್ಕೆ. ನಮ್ಮನೆಯವರೂ ನಾನೂ ಇಬ್ಬರೂ ಇಲ್ಲಿನ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡಿದ್ದೆವು. ಒಬ್ಬರು ಓಡಿಸುವಾಗ ಇನ್ನೊಬ್ಬರು ಮಕ್ಕಳನ್ನು ನೋಡಿಕೊಳ್ಳಬಹುದು. ಅಲ್ಲಿಗೆ ತಲುಪುವ ಮುಂಚಿನ ಮೂರು ದಿನದೊಳಗೆ ಆನ್‌ಲೈನಿನಲ್ಲಿ ತುಂಬುವ ಪ್ರವೇಶ ಕಾರ್ಡ್ ಮಕ್ಕಳಿಗೂ ಬೇರೆ ಬೇರೆ ಬೇಕು. ಅದು ಉಚಿತ. ದುಡ್ಡು ಕೇಳುವ ಸೈಟ್ ಕಂಡರೆ ಮುಚ್ಚಿಬಿಡಿ.

ಆದರೆ ಮೊದಲ ದಿನವೇ ಕಾರು ತೆಗೆದುಕೊಂಡದ್ದು ನಮ್ಮ ದೊಡ್ಡ ತಪ್ಪು. ವಿಮಾನ ನಿಲ್ದಾಣದಿಂದ ಊರೊಳಗೆ ಸುಮಾರು 57 ಕಿ.ಮೀ. ಎಕ್ಸ್‌ಪ್ರೆಸ್ ರೈಲು ಅರ್ಧ ಗಂಟೆಯಲ್ಲಿ ಊರೊಳಗಿನ ಕೆಎಲ್ ಸೆಂಟ್ರಲ್ ನಿಲ್ದಾಣಕ್ಕೆ ಬಿಡುತ್ತದೆ. ನಾವು ನಿದ್ದೆಗಣ್ಣಿನಲ್ಲಿ ಓಡಿಸಿಕೊಂಡು ಬಂದು, ಮೇಲ್ಸೇತುವೆಗಳ ನಡುವೆ ಎರಡು ಸಲ ದಾರಿ ತಪ್ಪಿದೆವು. ಆಮೇಲೆ ಎರಡು ದಿನ ಕಾರು ಹೋಟೆಲಿನಲ್ಲೇ ನಿಂತಿತ್ತು. ಬಾಡಿಗೆಯೂ ಹೋಯಿತು, ಪಾರ್ಕಿಂಗ್ ದುಡ್ಡೂ ಹೋಯಿತು. ಊರೊಳಗೆ ಮೆಟ್ರೋ ಇದೆ, ಮಕ್ಕಳಿಗೆ ಅದೇ ಖುಷಿ. ಊರು ಬಿಡುವ ದಿನ ಕಾರು ತೆಗೆದುಕೊಳ್ಳಿ.

ಕೌಲಾಲಂಪುರದ ಹತ್ತಿರದ ಬಾಟು ಗುಹೆಯ ಮುರುಗನ್ ದೇವಸ್ಥಾನಕ್ಕೆ 272 ಮೆಟ್ಟಿಲು. ಶ್ರವಣಬೆಳಗೊಳ ಹತ್ತಿದವರಿಗೆ ಅದು ಏನೂ ಅಲ್ಲ, ಮಗ ಎಣಿಸಿಕೊಂಡೇ ಹತ್ತಿದ. ಮಗುವಿನ ಕೈಯಲ್ಲಿ ತಿಂಡಿ ಮಾತ್ರ ಕೊಡಬೇಡಿ, ಕೋತಿಗಳು ಕಿತ್ತುಕೊಳ್ಳುತ್ತವೆ.

ಕೌಲಾಲಂಪುರದಿಂದ ಇಪೋ ಅನ್ನುವ ಊರಿಗೆ ಸುಮಾರು 200 ಕಿ.ಮೀ., ನಮಗೆ ಹಾಸನದಿಂದ ಬೆಂಗಳೂರಿಗೆ ಹೋದಷ್ಟು. ಮಧ್ಯಾಹ್ನ ಊಟ ಮಾಡಿಸಿ ಒಂದು ಗಂಟೆಗೆ ಹೊರಟೆವು. ಮಕ್ಕಳು ಹದಿನೈದು ನಿಮಿಷದಲ್ಲಿ ಮಲಗಿದರು. ಗಡಿಯಾರ ಅಲ್ಲಿ ನಮಗಿಂತ ಎರಡೂವರೆ ಗಂಟೆ ಮುಂದೆ, ಮಕ್ಕಳ ನಿದ್ದೆ ಇನ್ನೂ ಹಾಸನದ ಟೈಮಿನಲ್ಲೇ ಇರುತ್ತದೆ. ಹಾಗಾಗಿ ಬೆಳಗ್ಗೆ ಬೇಗ ಹೊರಡುವ ಪ್ಲಾನ್ ಸುಮ್ನೆ ಜಗಳಕ್ಕೆ ದಾರಿ. ಹೆದ್ದಾರಿಯಲ್ಲಿ ಆರ್ ಅಂಡ್ ಆರ್ ಅಂತ ಬೋರ್ಡ್ ಇರುವ ತಂಗುದಾಣಗಳು ಆಗಾಗ ಸಿಗುತ್ತವೆ. ನಾವು ನಿಂತ ಕಡೆಯೆಲ್ಲ ಶೌಚಾಲಯ ಕ್ಲೀನಾಗಿತ್ತು. ಚನ್ನರಾಯಪಟ್ಟಣ ದಾಟಿದ ಮೇಲೆ ಮಗಳನ್ನು ಎತ್ತಿಕೊಂಡು ಹೋಟೆಲ್ ಹೋಟೆಲ್ ಹುಡುಕುವ ನನಗೆ ಅದೇ ದೊಡ್ಡ ನೆಮ್ಮದಿ.

ಟೋಲಿನಲ್ಲಿ ನಗದು ನಡೆಯಲ್ಲ. ಟಚ್ ಎನ್ ಗೋ ಕಾರ್ಡ್ ಬೇಕು. ಹೆದ್ದಾರಿ ಹತ್ತುವಾಗ ಮುಟ್ಟಿಸಿದ ಕಾರ್ಡನ್ನೇ ಇಳಿಯುವಾಗಲೂ ಮುಟ್ಟಿಸಬೇಕು. ಕಾರಿನಲ್ಲಿ ಮೊದಲೇ ಇಟ್ಟಿರುವ ಕಾರ್ಡಿನಲ್ಲಿ ದುಡ್ಡು ಎಷ್ಟಿದೆ ಅಂತ ಪೆಟ್ರೋಲ್ ಬಂಕಿನಲ್ಲಿ ನೋಡಿ ತುಂಬಿಸಿಕೊಂಡೇ ಹತ್ತಿ.

ಇಪೋದಲ್ಲಿ ಏನೇನು ನೋಡಿದೆವು ಅಂತ ಕೇಳಬೇಡಿ, ನನಗೆ ನೆನಪಿರುವುದು ಒಂದು ರೋಟಿ ಅಂಗಡಿ. ಲಿಟಲ್ ಇಂಡಿಯಾ ಕಡೆಯ ಒಂದು ರಸ್ತೆ, ತಗಡಿನ ಮಾಡು, ಆರು ಮೇಜು. ಬಾಗಿಲಲ್ಲೇ ಕಾವಲಿ. ಎಣ್ಣೆಯಲ್ಲಿ ನೆನೆದ ಹಿಟ್ಟಿನ ಉಂಡೆಯನ್ನು ಒಬ್ಬ ಹಿರಿಯರು ಅಂಗೈಯಲ್ಲಿ ತಟ್ಟಿ, ಗಾಳಿಗೆ ಬೀಸಿ ಬೀಸಿ, ಕೆಳಗಿನ ಕಲ್ಲು ಕಾಣುವಷ್ಟು ತೆಳ್ಳಗೆ ಮಾಡುತ್ತಿದ್ದರು. ಅದನ್ನು ಮಡಚಿ ಬೇಯಿಸಿ, ಕೊನೆಗೆ ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟಿದ ಹಾಗೆ ಹೊಡೆದರೆ ಪದರ ಪದರ ಬಿಚ್ಚಿಕೊಳ್ಳುತ್ತದೆ. ಇದು ರೋಟಿ ಚನಾಯ್. ಜೊತೆಗೆ ತೊಗರಿಬೇಳೆ ಸಾರಿನ ಹಾಗೆ ತೆಳ್ಳಗಿನ ದಾಲ್. ಒಂದಕ್ಕೆ ಎರಡು ರಿಂಗಿಟ್ ಕೊಟ್ಟೆವು, ನಮ್ಮ ನಲವತ್ತು ರೂಪಾಯಿ ಆಸುಪಾಸು. ಮೂರು ದಿನದಿಂದ ಹುಚ್ಚೆಳ್ಳು ಚಟ್ನಿಪುಡಿ ಅನ್ನ ಬಿಟ್ಟು ಬೇರೆ ಏನನ್ನೂ ಮುಟ್ಟದ ಮಗ ಮೂರು ರೋಟಿ ತಿಂದ. ಮಗಳಿಗೆ ಅವರೇ ಬಾಳೆಹಣ್ಣು ಹಾಕಿದ ರೋಟಿ ಮಾಡಿ, ಪುಟ್ಟ ಪುಟ್ಟ ಚೂರು ಕತ್ತರಿಸಿ ತಂದುಕೊಟ್ಟರು. ಗೊತ್ತಿದ್ದ ಎರಡು ಮಾತು ತಮಿಳಿನಲ್ಲಿ ನಾನು ಚೆನ್ನಾಗಿದೆ ಅಂದೆ. ಮಾರನೇ ದಿನ ಬೆಳಗ್ಗೆಯೂ ಅಲ್ಲಿಗೇ ಹೋದೆವು.

ಮಕ್ಕಳಿಗೆ ಖಾರ ಬೇಡ ಅನ್ನುವುದಕ್ಕೆ ಅಲ್ಲಿನ ಮಲಯ್ ಭಾಷೆಯಲ್ಲಿ "ಟಾಕ್ ನಾಕ್ ಪೆಡಾಸ್" ಅನ್ನಿ. ಸಸ್ಯಾಹಾರಿಗಳು ಜಾಸ್ತಿ ಹುಷಾರಾಗಿರಬೇಕು. ಬರೀ ತರಕಾರಿ ಅಂತ ಕೊಟ್ಟ ಪಲ್ಯದಲ್ಲೂ ಬೆಲಾಚಾನ್ ಇರಬಹುದು, ಅದು ಸೀಗಡಿಯನ್ನು ಹುಳಿಸಿ ಮಾಡಿದ ಮುದ್ದೆ.

ಪೆನಾಂಗ್ ದ್ವೀಪಕ್ಕೆ ನಾವು 13.5 ಕಿ.ಮೀ. ಸೇತುವೆ ಮೇಲೆ ಹೋದೆವು. ಎರಡೂ ಕಡೆ ಸಮುದ್ರ, ಮಕ್ಕಳು ಅಷ್ಟೂ ದೂರ ಮಾತೇ ಆಡಲಿಲ್ಲ. ಆದರೆ ಅಲ್ಲಿನ ಜಾರ್ಜ್‌ಟೌನ್ ಹಳೇ ಊರಿನಲ್ಲಿ ಕಾರೂ ಬೇಡ, ಮಗುವಿನ ತಳ್ಳುಗಾಡಿಯೂ ಬೇಡ. ಅಂಗಡಿಗಳ ಮುಂದೆ ಕಂಬಗಳ ಸಾಲಿನ ಕೆಳಗೆ ನಡೆಯುವ ಜಗಲಿ ಇದೆ. ಚೆಂದವಾಗಿದೆ, ಆದರೆ ಒಂದು ಅಂಗಡಿ ಜಗಲಿ ಒಂದಡಿ ಮೇಲೆ, ಪಕ್ಕದ್ದು ಅರ್ಧ ಅಡಿ ಕೆಳಗೆ, ನಡುವೆ ನಿಲ್ಲಿಸಿದ ಬೈಕು. ತಳ್ಳುಗಾಡಿಯನ್ನು ಮಗು ಸಮೇತ ಎತ್ತಿ ಇಳಿಸಿ ನಮ್ಮನೆಯವರ ಸೊಂಟ ಹಿಡಿಯಿತು. ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಚೀಲ ತೆಗೆದುಕೊಂಡು ಹೋಗಿ. ಊರೊಳಗೆ ಕ್ಯಾಟ್ ಅನ್ನುವ ಉಚಿತ ಬಸ್ ಇದೆ, ಅದು ಸಾಕು.

ಅಲ್ಲಿನ ರೂಮಿನಲ್ಲಿ ಇನ್ನೊಂದು ಮೋಸ ಹೋದೆವು. ಫ್ಯಾಮಿಲಿ ರೂಮ್ ಅಂತ ಜಾಸ್ತಿ ದುಡ್ಡು ಕೊಟ್ಟಿದ್ದು. ಪರದೆ ಎಳೆದರೆ ಹಿಂದೆ ಬರೀ ಗೋಡೆ! ಕಿಟಕಿಯೇ ಇಲ್ಲ. ಮಕ್ಕಳಿಗೆ ಬೆಳಗಾದದ್ದೇ ಗೊತ್ತಾಗದೆ ಹತ್ತು ಗಂಟೆಗೆ ಎದ್ದರು. ಅಂಥ ರೂಮು ಅಲ್ಲಿ ಮಾಮೂಲಿ. ಬುಕ್ ಮಾಡುವಾಗ ಕಿಟಕಿ ಇದೆಯಾ ಅಂತ ಬರೆದು ಕೇಳಿ. ವಿದೇಶಿಯರಿಗೆ ರೂಮಿಗೆ ರಾತ್ರಿಗೆ 10 ರಿಂಗಿಟ್ ಪ್ರವಾಸಿ ತೆರಿಗೆಯೂ ಇದೆ. ಅದನ್ನು ಹೋಟೆಲಿಗೆ ಹೋದಾಗ ಕೇಳುತ್ತಾರೆ, ಚಿಲ್ಲರೆ ಇಟ್ಟುಕೊಳ್ಳಿ.

ಕಾರು ವಾಪಸ್ ಕೊಡುವಾಗ ಸೀಟುಗಳನ್ನೂ ಸೇರಿಸಿ ಸುತ್ತ ವಿಡಿಯೋ ಮಾಡಿಕೊಂಡೆ. ಬಾಗಿಲ ಹತ್ತಿರದ ಒಂದು ಗೀರು ತೋರಿಸಿ ದುಡ್ಡು ಕೇಳಿದರು. ತೆಗೆದುಕೊಂಡ ದಿನದ ವಿಡಿಯೋದಲ್ಲಿ ಅದೇ ಗೀರು ಇತ್ತು, ತೋರಿಸಿದ ಮೇಲೆ ಬಿಟ್ಟರು. ಕ್ರೆಡಿಟ್ ಕಾರ್ಡಿನಲ್ಲಿ ಹಿಡಿದಿಟ್ಟಿದ್ದ ಡೆಪಾಸಿಟ್ ವಾಪಸ್ ಬರಲು ಹನ್ನೊಂದು ದಿನ ಆಯಿತು. ಆ ಮೊತ್ತ ಬಿಟ್ಟು ಖರ್ಚಿಗೆ ಬೇರೆ ಕಾರ್ಡ್ ಇಟ್ಟುಕೊಂಡೇ ಹೊರಡಿ.