‘ಸಣ್ಣ ಗಾಯ’ ಎಂದು ಹೇಳಿದ್ದೆ

ತೊಡೆಯ ಮೂಳೆ ಮುರಿದು ಹಾಸಿಗೆ ಹಿಡಿದಿದ್ದ ಅವ್ವನ ಬೆನ್ನಿನ ಬುಡದಲ್ಲಿ ಕಪ್ಪು ಕಲೆಯೊಂದು ಕಾಣಿಸಿದಾಗ, ನಾನು ವೈದ್ಯರಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಸಣ್ಣ ಗಾಯ ಆಗಿದೆ ಸಾರ್, ಹಕ್ಕಳೆ ಕಟ್ಟಿದೆ.” ಹಕ್ಕಳೆ ಕಟ್ಟಿತೆಂದರೆ ಗಾಯ ಮಾಯುತ್ತಿದೆ ಎಂದೇ ಮದ್ದೂರಿನ ಸುತ್ತಲಿನ ನಮ್ಮ ಹಳ್ಳಿಗಳಲ್ಲಿ ತಿಳಿಯುತ್ತಾರೆ, ನಾನೂ ಹಾಗೆಯೇ ತಿಳಿದಿದ್ದೆ. ನನ್ನ ಮಾತನ್ನು ನಂಬಿ ಅವರು ಮುಲಾಮು ಬರೆಸಿದರು. ವಾರ ಕಳೆಯುವಷ್ಟರಲ್ಲಿ ಕೋಣೆಯಲ್ಲಿ ದುರ್ವಾಸನೆ ಹಬ್ಬಿತು.

ಮನೆಗೆ ಬಂದು ಡ್ರೆಸ್ಸಿಂಗ್ ಮಾಡುವ ಸಿಸ್ಟರ್ ಒಬ್ಬರನ್ನು ಮಂಡ್ಯದಿಂದ ಕರೆಸಿದೆವು. ಅವರು ಗಾಯಕ್ಕೆ ಕೈ ಹಚ್ಚುವ ಮೊದಲು ಅವ್ವನನ್ನು ಪಕ್ಕಕ್ಕೆ ಹೊರಳಿಸಿ, ತಲೆಯಿಂದ ಹಿಮ್ಮಡಿಯವರೆಗೆ ಮೂಳೆ ಉಬ್ಬಿದ ಜಾಗಗಳನ್ನೆಲ್ಲ ನೋಡಿದರು. ಬಲಗಡೆಯ ಸೊಂಟದ ಮೂಳೆಯ ಮೇಲೆ ನನಗೆ ಏನೂ ಕಂಡಿರಲಿಲ್ಲ. “ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣೋದಿಲ್ಲಣ್ಣ, ಮುಟ್ಟಿ ನೋಡಿ,” ಎಂದರು. ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬಿಸಿಯಾಗಿತ್ತು, ತುಸು ಗಟ್ಟಿಯಾಗಿತ್ತು. ಹಾಸಿಗೆ ಹಿಡಿದವರಿಗೆ ಮೂಳೆಯ ಒತ್ತಡದಿಂದ ಆಗುವ ಹುಣ್ಣಿನ ನಾಲ್ಕು ಹಂತಗಳಲ್ಲಿ ಅದು ಮೊದಲನೆಯದು: ಚರ್ಮ ಹರಿದಿರುವುದಿಲ್ಲ, ಆದರೆ ಬೆರಳಿನಿಂದ ಒತ್ತಿ ಬಿಟ್ಟರೆ ಬಣ್ಣ ತಿಳಿಯಾಗುವುದೂ ಇಲ್ಲ. ಹುಣ್ಣೇ ಇಲ್ಲದ ಈ ಸ್ಥಿತಿಯನ್ನೂ ಒಳಗೊಳ್ಳಬೇಕೆಂದು 2016ರಲ್ಲಿ ಅಮೆರಿಕದ ತಜ್ಞರ ಮಂಡಳಿಯು ‘ಒತ್ತಡದ ಹುಣ್ಣು’ ಎಂಬ ಹೆಸರನ್ನು ‘ಒತ್ತಡದ ಗಾಯ’ ಎಂದು ಬದಲಿಸಿತೆಂಬುದನ್ನು ನಾನು ಆಮೇಲೆ ಓದಿದೆ. ತೊಡೆಸಂದಿಯಲ್ಲಿ ಡೈಪರಿನ ತೇವಕ್ಕೆ ಕಿತ್ತು ಉರಿಯುತ್ತಿದ್ದ ಚರ್ಮವನ್ನು ಮಾತ್ರ ಸಿಸ್ಟರ್ ಈ ಲೆಕ್ಕಕ್ಕೆ ಸೇರಿಸಲಿಲ್ಲ. ಅದು ಮೂತ್ರದಿಂದ ಆದದ್ದು, ಮೂಳೆಯ ಒತ್ತಡದಿಂದ ಆದದ್ದಲ್ಲ.

ಬೆನ್ನಿನ ಬುಡದ ಕಲೆಗೆ ಹಂತವನ್ನೇ ಹೇಳಲಾಗದು ಎಂದಾಗ ನನಗೆ ಅಚ್ಚರಿಯಾಯಿತು. ನಾನು ಹಕ್ಕಳೆ ಎಂದುಕೊಂಡಿದ್ದು ಸತ್ತ ಮಾಂಸವಾಗಿತ್ತು, ಅದು ತಳವನ್ನು ಮುಚ್ಚಿಕೊಂಡಿರುವವರೆಗೆ ಆಳ ಎಷ್ಟೆಂದು ಯಾರಿಗೂ ತಿಳಿಯುವಂತಿರಲಿಲ್ಲ. ಶಸ್ತ್ರವೈದ್ಯರು ಅದನ್ನು ಕತ್ತರಿಸಿ ತೆಗೆದ ಮೇಲೆ ಒಳಗೆ ಹಳದಿ ಕೊಬ್ಬು ಕಂಡಿತು. ಸ್ನಾಯುವಾಗಲಿ ಮೂಳೆಯಾಗಲಿ ಕಾಣದ್ದರಿಂದ ಮೂರನೆಯ ಹಂತ ಎಂದು ಬರೆದರು. ಕಂಡಿದ್ದರೆ ನಾಲ್ಕನೆಯದಾಗುತ್ತಿತ್ತು. ಹಿಮ್ಮಡಿಯ ಮೇಲೂ ಅಂಥದೇ ಕಪ್ಪು ಹೊದಿಕೆ ಇತ್ತು, ಆದರೆ ಅದು ಒಣಗಿ ಗಟ್ಟಿಯಾಗಿ, ಸುತ್ತ ಕೆಂಪಾಗಲಿ ಕೀವಾಗಲಿ ಇಲ್ಲದೆ ಅಂಟಿಕೊಂಡಿತ್ತು. ಅದನ್ನು ಮುಟ್ಟಲೇ ಇಲ್ಲ, ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿದರು.

ಮುಂದಿನ ಡ್ರೆಸ್ಸಿಂಗ್ ದಿನ ಸಿಸ್ಟರ್ ನನ್ನ ಕೈಯಲ್ಲಿ ನೋಟ್‌ಬುಕ್ ಕೊಟ್ಟು ಬರೆಯಲು ಹೇಳಿದರು. ಅವ್ವನ ತಲೆಯ ದಿಕ್ಕು ಗಡಿಯಾರದ ಹನ್ನೆರಡು, ಪಾದದ ದಿಕ್ಕು ಆರು ಎಂದಿಟ್ಟುಕೊಂಡು ತಲೆಯಿಂದ ಪಾದದ ಕಡೆಗೆ ಉದ್ದ 5 ಸೆಂಟಿಮೀಟರ್, ಅಡ್ಡಕ್ಕೆ 4, ಶುದ್ಧವಾದ ಹತ್ತಿಕಡ್ಡಿಯಿಂದ ಅಳೆದ ಆಳ 2. ಎರಡು ಗಂಟೆಯ ದಿಕ್ಕಿನಲ್ಲಿ ಕಡ್ಡಿ ಚರ್ಮದಡಿ ಇನ್ನೂ 3 ಸೆಂಟಿಮೀಟರ್ ನುಸುಳಿತು; ಹೊರಗೆ ಕಂಡ ಬಾಯಿಗಿಂತ ಒಳಗಿನ ಪೊಳ್ಳು ದೊಡ್ಡದಿತ್ತು. ತಳದಲ್ಲಿ ಎಷ್ಟು ಪಾಲು ಕೆಂಪು, ಎಷ್ಟು ಹಳದಿ, ಸ್ರಾವ ತಿಳಿಯೋ ಮಂದವೋ, ವಾಸನೆ, ಅಂಚು, ಮುಟ್ಟಿದಾಗ ಅವ್ವನ ನೋವು, ಎಲ್ಲವನ್ನೂ ಬರೆದೆ. ಬರೆಯುವಾಗ ಕೈ ನಡುಗುತ್ತಿತ್ತು, ಏಕೆಂದರೆ ಆ ಪೊಳ್ಳು ನಾನು ‘ಸಣ್ಣ ಗಾಯ’ ಎಂದಿದ್ದ ದಿನವೂ ಅಲ್ಲಿ ಇದ್ದಿರಬೇಕು.

ನೆಂಟರೊಬ್ಬರು ಪ್ರೀತಿಯಿಂದ ತಂದಿದ್ದ ಗಾಳಿ ತುಂಬುವ ಉಂಗುರದಂಥ ಟ್ಯೂಬನ್ನು ಸಿಸ್ಟರ್ ತೆಗೆಸಿದರು. ಅದರ ಅಂಚು ಸುತ್ತಲಿನ ರಕ್ತ ಸಂಚಾರವನ್ನೇ ತಡೆಯುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕೆಲಸವನ್ನು ನಾನು, ನನ್ನ ಹೆಂಡತಿ, ತಮ್ಮ ಹಂಚಿಕೊಂಡೆವು.

ಆರು ವಾರದ ನಂತರ ಆಳ ಅರ್ಧ ಸೆಂಟಿಮೀಟರಿಗೆ ಬಂದಿತ್ತು. “ಈಗ ಎರಡನೆಯ ಹಂತ ಅಂತ ಬರೀಲಾ ಸಿಸ್ಟರ್?” ಎಂದು ಕೇಳಿದೆ. “ಇಲ್ಲಣ್ಣ, ಹೋದ ಕೊಬ್ಬು ತಿರುಗಿ ಬರೋದಿಲ್ಲ, ಕಲೆಯ ಅಂಗಾಂಶ ತುಂಬಿಕೊಳ್ಳುತ್ತೆ ಅಷ್ಟೆ,” ಎಂದರು. ಅಂದಿನ ಪುಟದಲ್ಲಿ ‘ಮಾಯುತ್ತಿರುವ ಮೂರನೆಯ ಹಂತ’ ಎಂದು ಬರೆದು, ವೈದ್ಯರಿಗೆ ಫೋನ್ ಮಾಡಿ ಪುಟವನ್ನು ಇದ್ದ ಹಾಗೆಯೇ ಓದಿ ಹೇಳಿದೆ.