‘ಆಟಿ’ ಎಂದರೆ ತಪ್ಪು ಉತ್ತರವಲ್ಲ: ಕಾಸರಗೋಡಿನಲ್ಲಿ ಮರೆವಿನ ಪರೀಕ್ಷೆ ಮಾಡುವವರಿಗೆ

ಮರೆವಿನ ಪರೀಕ್ಷೆಗೆ ಬೇಕಾದ ಸಾಮಾನು ಬಹಳ ಇಲ್ಲ. ನಮೂನೆಯ ಹಾಳೆ, ಪೆನ್ಸಿಲು, ಸೆಕೆಂಡ್ ಮುಳ್ಳಿರುವ ವಾಚು ಇದ್ದರೆ ಹತ್ತು–ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ನಮ್ಮ ಕಡೆ ಕೈಕೊಡುವುದು ಭಾಷೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ, ಬಸ್ಸಿನ ಬೋರ್ಡು ಮತ್ತು ಪಂಚಾಯತಿನ ಅರ್ಜಿ ಮಲಯಾಳ, ಮಾತ್ರೆಯ ಪಟ್ಟಿಯ ಮೇಲೆ ಇಂಗ್ಲಿಷು. ಇವಿಷ್ಟನ್ನೂ ಬಳಸುವ ಎಪ್ಪತ್ತೆರಡರ ಅಜ್ಜಿಯನ್ನು ಒಂದೇ ಭಾಷೆಯ ಹಾಳೆಯಲ್ಲಿ ಅಳೆದರೆ ಸಿಗುವುದು ಆಕೆಯ ಶಾಲೆಯ ಅಳತೆ, ನೆನಪಿನದಲ್ಲ.

ಮೊದಲ ಪ್ರಶ್ನೆಗೆ ಮುಂಚೆ ಕಿವಿ ನೋಡಿ. ಕೇಳಿಸದ ಪದವನ್ನು ಯಾರೂ ನೆನಪಿಟ್ಟುಕೊಳ್ಳಲಾರರು. ಕನ್ನಡಕ ಮನೆಯಲ್ಲೇ ಉಳಿದಿದ್ದರೆ ಪರೀಕ್ಷೆಯನ್ನು ಇನ್ನೊಂದು ದಿನಕ್ಕೆ ಇಡಿ. ಮರೆವು ಎರಡು ಮೂರು ದಿನಗಳಲ್ಲಿ ದಿಢೀರನೆ ಬಂದಿದ್ದರೆ ಪೆನ್ಸಿಲ್ ಕೆಳಗಿಟ್ಟು ಡಾಕ್ಟರ ಹತ್ತಿರ ಕಳಿಸಿ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಹೊಸದಾಗಿ ಶುರುವಾದ ನಿದ್ದೆ ಮಾತ್ರೆ ಇವೆಲ್ಲ ಹಾಗೆ ಮಾಡುತ್ತವೆ. ನಿಧಾನಕ್ಕೆ ಬಂದ ಮರೆವಿನಲ್ಲೂ ಥೈರಾಯ್ಡ್, ಬಿ12, ಖಿನ್ನತೆ ಈ ಮೂರನ್ನು ನೋಡದೆ ಮುಂದೆ ಹೋಗಬಾರದು. ‘ಅರವತ್ತಕ್ಕೆ ಅರಳು ಮರಳು’ ಅಂತ ಮನೆಯವರು ಸುಮ್ಮನಾಗಿರುತ್ತಾರೆ. ಸರಿಹೋಗಬಹುದಾದದ್ದೂ ಆ ಗಾದೆಯ ಅಡಿಯಲ್ಲಿ ಮುಚ್ಚಿಹೋಗುತ್ತದೆ.

ಜೊತೆಗೆ ಬಂದ ಮಗಳನ್ನೋ ಸೊಸೆಯನ್ನೋ ಅಜ್ಜಿಯ ಹಿಂದುಗಡೆ ಕೂರಿಸಿ. ಎದುರಿಗೆ ಕೂತರೆ ತುಟಿ ಅಲ್ಲಾಡುತ್ತದೆ.

ಹೆಚ್ಚು ಬಳಕೆಯಲ್ಲಿರುವ ನಮೂನೆ ‘ಮೋಕಾ’ (ಮಾಂಟ್ರಿಯಲ್ ಕಾಗ್ನಿಟಿವ್ ಅಸೆಸ್ಮೆಂಟ್). 2005ರಲ್ಲಿ ಬಂದದ್ದು, 30 ಅಂಕ, 26ಕ್ಕಿಂತ ಕೆಳಗಿದ್ದರೆ ಅನುಮಾನ. ಹನ್ನೆರಡು ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ಅಂಕ ಸೇರಿಸಬೇಕು ಎಂಬ ನಿಯಮ ಇದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಿದವರಿಗೆ ಆ ಒಂದು ಅಂಕ ಯಾವ ಮೂಲೆಗೆ ಸಾಕು? ಹಾಗಾಗಿ ಮೊತ್ತವನ್ನು ಮಾತ್ರ ಬರೆದು ಕಳಿಸಬೇಡಿ, ಯಾವ ಪ್ರಶ್ನೆಯಲ್ಲಿ ಎಡವಿದರು, ಹೇಗೆ ಎಡವಿದರು ಎಂಬುದನ್ನೂ ಬರೆಯಿರಿ.

‘ಇದು ಯಾವ ತಿಂಗಳು?’ ಜುಲೈ ಕೊನೆಯ ವಾರದಲ್ಲಿ ಅಜ್ಜಿ ತುಳು ತಿಂಗಳ ಹೆಸರು ‘ಆಟಿ’ ಎಂದರೆ ಪೂರ್ತಿ ಅಂಕ. ಮಲಯಾಳದ ‘ಕರ್ಕಾಟಕ’ ಎಂದರೂ ಪೂರ್ತಿ ಅಂಕ. ಕ್ಯಾಲೆಂಡರ್ ಯಾವುದಾದರೇನು, ಹೊತ್ತಿನ ಅಂದಾಜು ತಲೆಯಲ್ಲಿ ಇದೆಯೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ‘ಇದು ಯಾವ ರಾಜ್ಯ?’ ಎಂಬುದು ಇನ್ನೂ ಸೂಕ್ಷ್ಮ. ಈ ಊರು 1956ರ ನವೆಂಬರ್ 1ರ ತನಕ ಮದ್ರಾಸು ರಾಜ್ಯದ ದಕ್ಷಿಣ ಕನ್ನಡದ್ದು (ಆಗಿನ ಹೆಸರು ‘ಸೌತ್ ಕೆನರಾ’), ಆಮೇಲೆ ಕೇರಳದ್ದು, ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ. ಎಂಬತ್ತೈದು ದಾಟಿದವರು ‘ಸೌತ್ ಕೆನರಾ’ ಎಂದರೆ ತಕ್ಷಣ ಸೊನ್ನೆ ಹಾಕಬೇಡಿ. ‘ಈಗ ಅದು ಯಾವ ರಾಜ್ಯದಲ್ಲಿದೆ?’ ಅಂತ ಇನ್ನೊಮ್ಮೆ ಕೇಳಿ. ‘ಈಗ ಕೇರಳ ಅಲ್ವಾ’ ಎಂದರೆ ಅದು ಹಳೆಯ ಅಭ್ಯಾಸ. ‘ಮದ್ರಾಸು’ ಎಂದೇ ಗಟ್ಟಿಯಾಗಿ ನಿಂತರೆ ಗುರುತು ಹಾಕಿಕೊಳ್ಳಿ.

ಕೇಳಿದ ಅಂಕೆಗಳನ್ನು ಮತ್ತೆ ಹೇಳಿಸುವ ಪರೀಕ್ಷೆಯಲ್ಲಿ ನೀವು ಹೇಳಬೇಕಾದದ್ದು ಸೆಕೆಂಡಿಗೆ ಒಂದು ಅಂಕೆ, ಒಂದೇ ದನಿ. ಫೋನ್ ನಂಬರಿನ ಹಾಗೆ ಎರಡೆರಡು ಜೋಡಿಸಿ ಹೇಳಿದರೆ ಪರೀಕ್ಷೆ ಕೆಟ್ಟಿತು. ಯಾವ ಭಾಷೆಯಲ್ಲಿ ಹೇಳಬೇಕು ಎಂಬುದಕ್ಕೂ ಕಾರಣ ಇದೆ. ಸುಮಾರು ಎರಡು ಸೆಕೆಂಡಿನಲ್ಲಿ ನಾವು ಉಚ್ಚರಿಸಬಲ್ಲಷ್ಟನ್ನು ಮಾತ್ರ ಮನಸ್ಸು ಒಮ್ಮೆಗೆ ಹಿಡಿದಿಡುತ್ತದೆ ಎಂದು 1975ರಲ್ಲಿ ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಸಂಗಡಿಗರು ತೋರಿಸಿದರು. ವೆಲ್ಶ್ ಭಾಷೆಯ ಅಂಕೆಗಳ ಹೆಸರು ಹೇಳಲು ಹೆಚ್ಚು ಹೊತ್ತು ಹಿಡಿಯುವುದರಿಂದ ಆ ಭಾಷೆಯಲ್ಲಿ ಜನ ಕಡಿಮೆ ಅಂಕೆ ನೆನಪಿಡುತ್ತಾರೆ ಎಂಬುದು 1980ರಲ್ಲಿ ಕಂಡದ್ದು. ನಮ್ಮ ‘ಎರಡು’, ‘ಒಂಬತ್ತು’ ಮೂರಕ್ಷರದವು, ತುಳುವಿನ ‘ರಡ್ಡ್’, ‘ನಾಲ್’ ಗಿಡ್ಡ. ಆದ್ದರಿಂದ ಮೊದಲೇ ಕೇಳಿ: ‘ಅಜ್ಜಿ, ದುಡ್ಡು ಎಣಿಸುವುದು ಯಾವ ಭಾಷೆಯಲ್ಲಿ?’ ಆ ಭಾಷೆಯಲ್ಲೇ ಹೇಳಿ, ಹಾಳೆಯ ಮೇಲೆ ಅದನ್ನು ಬರೆದಿಡಿ. ಬರೆದಿಡದಿದ್ದರೆ ಆರು ತಿಂಗಳ ನಂತರ ಬೇರೊಬ್ಬರು ಬೇರೆ ಭಾಷೆಯಲ್ಲಿ ಕೇಳಿ ‘ಇಳಿದಿದೆ’ ಎಂದು ಬರೆಯುತ್ತಾರೆ.

ನೂರರಿಂದ ಏಳೇಳು ಕಳೆಯುವುದರಲ್ಲಿ 93ರ ಬದಲು 92 ಎಂದರೆ ಅದೊಂದೇ ತಪ್ಪು. ಆಮೇಲಿನ 85, 78 ಎರಡೂ ಸರಿ, ಕಳೆದದ್ದು ಏಳೇ ತಾನೆ. ಹೊಸಬರು ಇಡೀ ಸಾಲಿಗೆ ಕತ್ತರಿ ಹಾಕುತ್ತಾರೆ.

ಒಂದು ನಿಮಿಷದಲ್ಲಿ ಪ್ರಾಣಿಗಳ ಹೆಸರು ಹೇಳಿಸುವಾಗ ಯಾವ ಭಾಷೆಯ ಹೆಸರೂ ನಡೆಯುತ್ತದೆ. ಆದರೆ ಬೆಕ್ಕು, ಪುಚ್ಚೆ, ಪೂಚ್ಚ ಮೂರೂ ಹೇಳಿದರೆ ಅಂಕ ಒಂದೇ. ಹಾಳೆಯನ್ನು ಹದಿನೈದು ಸೆಕೆಂಡಿನ ನಾಲ್ಕು ಮನೆ ಮಾಡಿ ಬರೆದುಕೊಳ್ಳಿ. ಮೊದಲ ಮನೆ ತುಂಬಿ ಉಳಿದ ಮೂರು ಖಾಲಿ ಇರುವುದಕ್ಕೂ ನಾಲ್ಕರಲ್ಲೂ ಒಂದೊಂದೇ ಇರುವುದಕ್ಕೂ ವ್ಯತ್ಯಾಸ ಇದೆ. ‘ಕ’ಯಿಂದ ಶುರುವಾಗುವ ಪದ ಕೇಳುವಾಗ ಇಡೀ ಕಾಗುಣಿತ ನಡೆಯುತ್ತದೆ ಎಂದು ಮೊದಲೇ ಹೇಳಿಬಿಡಿ. ಇಲ್ಲವಾದರೆ ಶಾಲೆಗೆ ಹೋದವರು ‘ಕಾ’, ‘ಕಿ’ ಬಿಟ್ಟು ಬರೀ ‘ಕ’ ಹುಡುಕುತ್ತಾ ಕೂರುತ್ತಾರೆ.

ಗಡಿಯಾರದಲ್ಲಿ ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಬೇಕು. ದೊಡ್ಡ ಮುಳ್ಳು 2ರ ಮೇಲೆ ಬರಬೇಕಾದದ್ದು, ‘ಹತ್ತು’ ಎಂದು ಕೇಳಿದ್ದಕ್ಕೆ ಕೆಲವರು 10ರ ಮೇಲೆ ಇಡುತ್ತಾರೆ. ಕಿವಿಗೆ ಬಿದ್ದ ಮಾತು ಕೈಯನ್ನು ಎಳೆಯಿತು, ತಡೆಯಬೇಕಾದ ಮುಂಮೆದುಳು ತಡೆಯಲಿಲ್ಲ. ಮುಳ್ಳು ಎಲ್ಲಿ ಹೋಯಿತು ಎಂದು ಬರೆಯದೆ ಬರೀ ‘ತಪ್ಪು’ ಎಂದು ಬರೆದರೆ ಈ ಸುಳಿವು ಕಳೆದುಹೋಯಿತು. ಪೆನ್ಸಿಲನ್ನೇ ಹಿಡಿಯದವರಿಗೆ ಗಡಿಯಾರ ಬೇಡ, ನಾಲ್ಕು ಬೆಂಕಿಕಡ್ಡಿ ಜೋಡಿಸಿ ತೋರಿಸಿ ‘ಹೀಗೇ ಮಾಡಿ’ ಎನ್ನಿ.

ಇನ್ನು ಐದು ಪದಗಳ ವಿಷಯ. ಎರಡು ಸಲ ಹೇಳಿಸಿ, ಐದು ನಿಮಿಷ ಬೇರೆ ಕೆಲಸ ಕೊಟ್ಟು, ಮತ್ತೆ ಕೇಳಬೇಕು. ಬಾರದ ಪದಕ್ಕೆ ಸುಳಿವು ಕೊಡಿ: ‘ಅದೊಂದು ಬಣ್ಣ’. ಆಗಲೂ ಬಾರದಿದ್ದರೆ ಮೂರರಲ್ಲಿ ಒಂದನ್ನು ಆರಿಸಲು ಹೇಳಿ. ಸುಳಿವಿಗೆ ಅಂಕ ಇಲ್ಲವೆಂದು ಅನೇಕರು ಈ ಹಂತವನ್ನೇ ಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಹಾಳೆಯಲ್ಲಿ ಇದಕ್ಕಿಂತ ಬೆಲೆಯ ಜಾಗ ಇಲ್ಲ. ಸುಳಿವಿಗೆ ಪದ ಬಂತೆಂದರೆ ಅದು ಒಳಗೆ ಇದೆ, ಹೊರಗೆ ತೆಗೆಯುವುದು ಕಷ್ಟವಾಗಿದೆ. ಖಿನ್ನತೆಯಲ್ಲಿ, ಮೆದುಳಿನ ಸಣ್ಣ ರಕ್ತನಾಳಗಳ ತೊಂದರೆಯಲ್ಲಿ ಹೆಚ್ಚಾಗಿ ಹೀಗೆ. ಸುಳಿವು ಕೊಟ್ಟರೂ ಬಾರದೆ, ‘ನೀವು ಪದ ಹೇಳಿಯೇ ಇಲ್ಲವಲ್ಲ’ ಎಂದರೆ ಅದು ಒಳಗೆ ಹೋಗಲೇ ಇಲ್ಲ. ಅಲ್ಜೈಮರ್‌ನಲ್ಲಿ ಆಗುವುದು ಇದು.

‘ಹಳೆಯದೆಲ್ಲ ಚೆನ್ನಾಗಿ ನೆನಪಿದೆ ಮಾರಾಯ್ರೆ, ಯಕ್ಷಗಾನದ ಪದ ಬೇಕಾದರೆ ಈಗಲೇ ಹೇಳ್ತಾರೆ’ ಅಂತ ಮನೆಯವರು ಸಮಾಧಾನ ಪಡುತ್ತಾರೆ. ಅದು ಸಮಾಧಾನದ ವಿಷಯ ಅಲ್ಲ. 1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬವರಿಗೆ ಅಪಸ್ಮಾರ ನಿಲ್ಲಿಸಲೆಂದು ಮೆದುಳಿನ ಎರಡೂ ಬದಿಯ, ಹೊಸ ನೆನಪು ಕೂಡಿಡುವ ಹಿಪ್ಪೊಕ್ಯಾಂಪಸ್‌ನ ಬಹುಭಾಗ ತೆಗೆದರು. ಬಾಲ್ಯದ ನೆನಪು ಉಳಿಯಿತು, ಹೊಸದು ಯಾವುದೂ ನಿಲ್ಲಲಿಲ್ಲ. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಕನ್ನಡಿಯಲ್ಲಿ ನೋಡಿ ನಕ್ಷತ್ರ ಬರೆಯುವ ಕೆಲಸ ಕೊಟ್ಟಾಗ ದಿನದಿಂದ ದಿನಕ್ಕೆ ಅವರ ಕೈ ಪಳಗಿತು, ಆದರೆ ಪ್ರತಿದಿನವೂ ಅದು ಅವರಿಗೆ ಮೊದಲ ಸಲವೇ. ಮೆದುಳಿನ ನಕ್ಷೆಯಲ್ಲಿ ಬೆಳಗ್ಗಿನ ತಿಂಡಿಯ ನೆನಪು ಒಂದು ಕಡೆ, ಕೈಯ ಅಭ್ಯಾಸ ಇನ್ನೊಂದು ಕಡೆ ಎಂದು ಆಗ ಗೊತ್ತಾಯಿತು. ಮನೆಯವರನ್ನು ಕೇಳಬೇಕಾದದ್ದು ನಿನ್ನೆಯ ವಿಷಯ: ನಿನ್ನೆ ಯಾರು ಬಂದಿದ್ದರು, ಪಿಂಚಣಿ ದುಡ್ಡು ಎಲ್ಲಿಟ್ಟರು, ಕುಂಬಳೆ ಪೇಟೆಯಿಂದ ಮನೆಗೆ ಬರುವಾಗ ದಾರಿ ತಪ್ಪಿತೇ? ದಾರಿ ಗುರುತಿಸುವ ಕೋಶಗಳೂ ಅದೇ ಹಿಪ್ಪೊಕ್ಯಾಂಪಸ್‌ನಲ್ಲಿವೆ.

ಕೈಯ ಅಭ್ಯಾಸ ಉಳಿಯುವುದರಿಂದಲೇ, ಮರೆತದ್ದನ್ನು ನೋಡಿಕೊಳ್ಳಲು ಬರೆದಿಡುವ ಒಂದು ಪುಸ್ತಕ ಕೊಡಬಹುದು. ಮನಸ್ಸು ತಲೆಬುರುಡೆಗೆ ಮುಗಿಯಬೇಕಿಲ್ಲ ಎಂದು 1998ರಲ್ಲಿ ಆಂಡಿ ಕ್ಲಾರ್ಕ್, ಡೇವಿಡ್ ಚಾಮರ್ಸ್ ಎಂಬ ತತ್ತ್ವಶಾಸ್ತ್ರಜ್ಞರು ವಾದಿಸಿದಾಗ ಕೊಟ್ಟ ಉದಾಹರಣೆಯೂ ಇದೇ: ಅಲ್ಜೈಮರ್ ಇರುವ ಓಟ್ಟೊ ಎಂಬ ಕಾಲ್ಪನಿಕ ವ್ಯಕ್ತಿ, ಅವನ ನೋಟ್‌ಬುಕ್ಕು. ಪುಸ್ತಕ ಒಂದೇ ಇರಲಿ, ಗೋಡೆ ಗಡಿಯಾರದ ಕೆಳಗೆ ಒಂದು ಮೊಳೆಗೆ ದಾರದಲ್ಲಿ ಕಟ್ಟಿ, ದಿನಕ್ಕೊಂದು ಪುಟ, ಅವರು ಓದುವ ಲಿಪಿಯಲ್ಲಿ ದಪ್ಪ ಅಕ್ಷರ. ಮಾತು ತುಳುವಾದರೂ ಬರಹ ಕನ್ನಡ. ‘ಪುಸ್ತಕ ಎಲ್ಲಿದೆ?’ ಎಂದು ಅರ್ಧ ನಿಮಿಷ ಬಿಟ್ಟು ಕೇಳಿ, ಆಮೇಲೆ ಒಂದು ನಿಮಿಷ, ಎರಡು, ನಾಲ್ಕು. ತಪ್ಪಿದರೆ ಉತ್ತರ ಹೇಳಿಕೊಟ್ಟು ಹಿಂದಿನ ಅಂತರಕ್ಕೆ ಇಳಿಯಿರಿ. ಊಹಿಸಲು ಬಿಟ್ಟರೆ ತಪ್ಪು ಉತ್ತರವೇ ಗಟ್ಟಿಯಾಗುತ್ತದೆ. ಮರೆವು ಹಗುರ ಇರುವಾಗಲೇ ಶುರುಮಾಡಬೇಕು, ಮತ್ತು ಮನೆಗೆ ಸುಣ್ಣ ಬಳಿಯುವಾಗಲೂ ಆ ಮೊಳೆ ಕೀಳಬಾರದು.

ಮರುಪರೀಕ್ಷೆಗೆ ಬರುವಾಗ ಪುಸ್ತಕ ಜೊತೆಗೆ ತರಲು ಹೇಳಿ. ಪುಸ್ತಕ ಇಲ್ಲದೆ ಎಷ್ಟು, ಪುಸ್ತಕ ನೋಡಿ ಎಷ್ಟು, ಎರಡನ್ನೂ ವರದಿಯಲ್ಲಿ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ.